ನೀರು ಮುಟ್ಟದ ಬೆಕ್ಕುಗಳು

ಜಯಪ್ರಕಾಶ್ ತನ್ನ ಮಿಕ್ಸಿ ರಿಪೇರಿ ಅಂಗಡಿಯ ಶಟರ್ ಎತ್ತಿದಾಗ ಮೆಟ್ಟಿಲ ಕೆಳಗೆ ಬೂದು ಬಣ್ಣದ ಒಂದು ಬೆಕ್ಕಿನ ಮರಿ ಸೆಟೆದು ಬಿದ್ದಿತ್ತು. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಎದುರಿನ ಮೀನಿನಂಗಡಿಯಿಂದ ಕೂಗಾಟ ಕೇಳಿಸಿತು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲಿ ಬೆಳಿಗ್ಗೆ ಕೂಗಾಟವೇನೂ ಹೊಸದಲ್ಲ. ಆದರೆ ಅವತ್ತು ಕೂಗುತ್ತಿದ್ದವರು ಅಡಿಕೆ ವ್ಯಾಪಾರಿ ಕೃಷ್ಣಮೋಹನ ಭಟ್ಟರು. ಓಣಿಯ ಸಮಿತಿಗೆ ಅಧ್ಯಕ್ಷರಾದ ಮೇಲೂ ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ ಅವರು.

"ಮೀನಿಗೆ ಎಂತ ಹಾಕ್ತೀ ನೀನು? ಕೆಡದ ಹಾಗೆ ಇಡ್ಲಿಕ್ಕೆ ಯಾವ ಮದ್ದು?" ಎಂದು ಭಟ್ಟರು ಕೈ ಬೀಸುತ್ತಿದ್ದರು. "ನಿನ್ನ ಅಂಗಡಿಯ ತಲೆ, ಬಾಲ ತಿಂದ ಬೆಕ್ಕೆಲ್ಲ ಒಂದೊಂದೇ ಸಾಯ್ತಾ ಉಂಟು!"

ಮೀನು ಮಾರುವ ಕಾಸಿಂ ಕತ್ತಿಯನ್ನು ಹಲಗೆಯ ಮೇಲಿಟ್ಟು ನಿಂತಿದ್ದರು. ಅವರ ಅಪ್ಪನೂ ಅದೇ ಹಲಗೆಯ ಮೇಲೆ ಮೀನು ಕೊಯ್ದವರು. "ಭಟ್ರೆ, ಅದೇ ಮೀನು ನನ್ನ ಮನೆಯಲ್ಲೂ ಬೇಯುದಲ್ವಾ?" ಎಂದಷ್ಟೇ ಕೇಳಿದರು.

ಆಗ ಭಟ್ಟರ ಹೆಂಡತಿ ಮನೋರಮಾ ಮುಂದೆ ಬಂದರು. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು. ಅವರ ಬೆಕ್ಕು ಅಮ್ಮು ಹಿಂದಿನ ದಿನ ಸತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಅಮ್ಮು ಎಂದರೆ ಏನು ಎಂಬುದು ಓಣಿಗೆಲ್ಲ ಗೊತ್ತಿತ್ತು. "ನಿಮ್ಮ ಅಂಗಡಿ ಇಲ್ಲಿಂದ ಎದ್ದು ಹೋಗ್ಲಿ. ನಾನು ಬಾಯಿ ಬಿಟ್ಟು ಹೇಳ್ತಾ ಇದ್ದೇನೆ, ಎದ್ದೇ ಹೋಗ್ಲಿ" ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆದಿತ್ಯವಾರ ಸಂಜೆ ಭಜನಾ ಮಂದಿರದಲ್ಲಿ ಸಭೆ ಕರೆಯುವುದು, ಮೀನಿನಂಗಡಿಯನ್ನು ಎಬ್ಬಿಸಲು ಪೇಟೆಯ ಆಡಳಿತಕ್ಕೆ ಎಲ್ಲರೂ ಸೇರಿ ದೂರು ಕೊಡುವುದು ಎಂದು ಅಲ್ಲೇ ತೀರ್ಮಾನವಾಯಿತು. ಮಧ್ಯಾಹ್ನದೊಳಗೆ ಸುದ್ದಿ ಪಕ್ಕದೂರು ಕಬಕದವರೆಗೂ ಹೋಗಿ, ಕಾಸಿಮರ ಬುಟ್ಟಿಯ ಬಂಗುಡೆ ಮೀನನ್ನು ಮೂಸಿ ನೋಡುವವರೂ ಇಲ್ಲವಾದರು.

ಸಂಜೆ ಕಾಸಿಂ ರಸ್ತೆ ದಾಟಿ ಬಂದು ಜಯಪ್ರಕಾಶನ ಸ್ಟೂಲಿನ ಮೇಲೆ ಕುಳಿತರು. "ದಮಯಂತಕ್ಕನತ್ರ ಒಂದು ಮಾತು ಹೇಳು ಮಾರಾಯ. ನಾನು ಹೇಳಿದ್ರೆ ನನ್ನ ಅಂಗಡಿಗಾಗಿ ಹೇಳಿದ ಹಾಗೆ ಆಗ್ತದೆ."

ದಮಯಂತಿ ಜಯಪ್ರಕಾಶನ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಸುಳ್ಯದ ಕಡೆಯ ಗೌಡರ ಮನೆಯವರು. ಪೊಲೀಸ್ ಕೆಲಸ ಬಿಟ್ಟರೂ ಪೊಲೀಸ್ ಬುದ್ಧಿ ಬಿಡದೆ, ಓಣಿಯಲ್ಲಿ ಯಾರ ಗ್ಯಾಸ್ ಸಿಲಿಂಡರ್ ಕಾಣೆಯಾದರೂ ಪತ್ತೆ ಮಾಡಿಕೊಡುತ್ತಿದ್ದರು. ಅಂಥ ಪ್ರತಿಯೊಂದು ಕೆಲಸಕ್ಕೂ ಸ್ಕೂಟರ್ ಬಿಡುವವನು ಜಯಪ್ರಕಾಶ್. ಕೊನೆಗೆ ಎಲ್ಲ ಬಿಡಿಸಿ ಹೇಳುವವರೆಗೂ ಅವನಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ, ಆದರೂ ಕರೆದಾಗಲೆಲ್ಲ ಅಂಗಡಿ ಮುಚ್ಚಿ ಹೊರಡುತ್ತಿದ್ದ.

ದಮಯಂತಿ ಕೆಳಗಿಳಿದು ಬಂದವರೇ ಮೀನಿನಂಗಡಿಯ ಹಿಂಬದಿಗೆ ನಡೆದರು. ಅಲ್ಲಿ ಕಾಗೆಗಳು ಬೂತಾಯಿ ಮೀನಿನ ತಲೆಗಳಿಗಾಗಿ ಜಗಳವಾಡುತ್ತಿದ್ದವು. ಜಯಪ್ರಕಾಶನ ಅಂಗಡಿಯಲ್ಲೇ ಮಲಗುವ ಹಳೆಯ ಗಂಡುಬೆಕ್ಕು ಗುಂಡ ದೊಡ್ಡದೊಂದು ತಲೆಯನ್ನು ಕಚ್ಚಿಕೊಂಡು, ಕಿವಿ ಹರಿದ ಮುಖದಲ್ಲಿ ರಾಜಗಾಂಭೀರ್ಯ ತಂದುಕೊಂಡು ಹೋದ.

"ಈ ಗುಂಡ ದಿನಾ ತಿಂತಾನಾ?"

"ಎಲ್ಲರಿಗಿಂತ ಜಾಸ್ತಿ ತಿನ್ನುದು ಅವನೇ" ಎಂದ ಜಯಪ್ರಕಾಶ್. "ಅವನಿಗೆ ಎಂತದೂ ಆಗ್ಲಿಲ್ಲ. ಅವನಿಗೆ ವಿಷ ತಾಗುದಿಲ್ವೋ ಏನೋ."

ದಮಯಂತಿ ಅವನನ್ನು ಒಂದು ಸಲ ನೋಡಿ ನಲ್ಲಿಯ ಕಡೆ ತಿರುಗಿದರು. ನಲ್ಲಿಯ ಕೆಳಗೆ ಇಟ್ಟಿದ್ದ ತಟ್ಟೆಯ ಮುಂದೆ ಪಟ್ಟೆಪಟ್ಟೆಯ ಒಂದು ಮರಿ ಕುಳಿತಿತ್ತು. ಮೂತಿ ನೀರಿಗೆ ತಾಗುವಷ್ಟು ತಲೆ ಬಗ್ಗಿಸಿತ್ತು, ಆದರೆ ನಾಲಿಗೆ ಹೊರಗೆ ಬರಲಿಲ್ಲ. ಬಾಯಾರಿಕೆ ಇದೆ, ನೀರೂ ಇದೆ, ಕುಡಿಯಲು ಮಾತ್ರ ಆಗುತ್ತಿಲ್ಲ.

"ಸಾಯುವ ಮೊದ್ಲು ಎಲ್ಲ ಹೀಗೇ ಕೂತ್ಕೊಳ್ತವೆ" ಎಂದರು ಕಾಸಿಂ. "ಕಣ್ಣು ಬಿಟ್ಟು ಸ್ವಲ್ಪ ದಿನ ಆದ, ತಾಯಿ ಹಾಲು ಬಿಟ್ಟು ಬೇರೆ ಮುಟ್ಟದ ಮರಿಗಳೂ ಹೋದವು. ನಾನು ದಿನಾ ಸಂಜೆ ಫಿನಾಯಿಲ್ ಹಾಕಿ ತೊಳಿಯುದು. ಮತ್ತೆ ಎಂತ ಮಾಡ್ಲಿ?"

"ಮೊದ್ಲು ಸತ್ತದ್ದು ಯಾವುದು?"

"ಬೂದು ಬೆಕ್ಕಿನ ಒಂದು ಮರಿ. ಅದು ಇಲ್ಲಿ ಉಳಿದದ್ದೇ ದೊಡ್ಡ ಕತೆ ಅಕ್ಕ. ಭಟ್ರು ಬೆಳ್ಳಾರೆಯ ತಮ್ಮ ಅಡಿಕೆ ಗೋದಾಮಿಗೆ ಬೆಕ್ಕು ಬೇಕೂಂತ ಮರಿ ಹಿಡಿಲಿಕ್ಕೆ ಬಂದಿದ್ರು. ಅಲ್ಲಿಂದ ಎರಡು ಗೋಣಿ ಅವರೇ ತಂದಿದ್ರು. ಬೆಕ್ಕನ್ನು ಹೋಗುವ ಜಾಗದ ಗೋಣಿಯಲ್ಲೇ ಕಟ್ಟಬೇಕಂತೆ, ಆ ಜಾಗದ ವಾಸನೆ ಮೊದ್ಲೇ ಅಭ್ಯಾಸ ಆದ್ರೆ ತಿರುಗಿ ಓಡಿ ಬರುದಿಲ್ಲವಂತೆ. ಅವರಲ್ಲಿ ಹಿರಿಯರ ಕಾಲದಿಂದ ಹಾಗೇ ಕ್ರಮ. ಒಂದು ಗೋಣಿಯಲ್ಲಿ ಎರಡು ಮರಿ ಹೋದವು. ಇನ್ನೊಂದರಲ್ಲಿ ಹಾಕಿದ್ದು ಪರಚಿ, ಹಾರಿ ಓಡಿತು. ಓಡಿ ಎಂತ ಬಂತು? ಒಂದು ವಾರಕ್ಕೆ ಅದೇ ಮೊದ್ಲು ಸತ್ತದ್ದು."

ಜಯಪ್ರಕಾಶನಿಗೆ ಈ ಕತೆಯಲ್ಲಿ ಆಸಕ್ತಿ ಇರಲಿಲ್ಲ. ಹಾಲು ಕುಡಿಯುವ ಮರಿಗೆ ಮೀನಿನ ವಿಷ ಹೇಗೆ ತಾಗಿತು ಎಂಬುದೇ ಅವನ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು.

ಪಟ್ಟೆ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಇಬ್ಬರೂ ಡಾಕ್ಟರ್ ಪ್ರೀತಿಕಾರ ಪಶು ಚಿಕಿತ್ಸಾಲಯಕ್ಕೆ ಹೋದರು. ಪ್ರೀತಿಕಾ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಮರಿಯನ್ನು ಪರೀಕ್ಷಿಸಿ, ಹತ್ತಿಕಡ್ಡಿಯಲ್ಲಿ ಮಲ ತೆಗೆದು, ಬೆರಳುದ್ದದ ಕಿಟ್‌ನ ಮೇಲೆ ಹನಿ ಬಿಟ್ಟರು. ಎರಡನೆಯ ಗೆರೆ ಮೂಡಿತು.

"ವಿಷ ಅಲ್ಲ ಅಕ್ಕ. ಇದು ರೋಗ, ಬೆಕ್ಕುಗಳ ಪಾರ್ವೊ. ವೈರಸ್. ಕರುಳು ಕೊಳೆಯುತ್ತದೆ, ರಕ್ತದ ಬಿಳಿ ಕಣ ಇಳಿದುಹೋಗ್ತದೆ. ಮರಿಗಳೂ ಲಸಿಕೆ ಇಲ್ಲದ ಬೆಕ್ಕುಗಳೂ ಬೇಗ ಸಾಯ್ತವೆ. ಬೀದಿಯಲ್ಲಿ ಬೆಳೆದ ಹಳೆ ಬೆಕ್ಕುಗಳಿಗೆ ಹಿಂದೊಮ್ಮೆ ಬಂದು ಗುಣವಾಗಿದ್ರೆ ಮತ್ತೆ ತಾಗುದಿಲ್ಲ. ಮನುಷ್ಯರಿಗೆ ಹೆದರಿಕೆ ಇಲ್ಲ."

"ಫಿನಾಯಿಲ್ ಹಾಕಿ ತೊಳೆದ್ರೆ?"

"ಅದಕ್ಕೆ ಈ ವೈರಸ್ ಬಗ್ಗುದಿಲ್ಲ. ಬ್ಲೀಚಿಂಗ್ ಪೌಡರ್ ಬೇಕು. ಇಲ್ಲದಿದ್ರೆ ಬಟ್ಟೆ, ನೆಲ, ಬುಟ್ಟಿ ಎಲ್ಲದರಲ್ಲಿ ತಿಂಗಳುಗಟ್ಟಳೆ ಕೂತಿರ್ತದೆ. ಸೀದಾ ರೋಗಿ ಬೆಕ್ಕನ್ನೇ ಮುಟ್ಟಬೇಕೂಂತ ಇಲ್ಲ." ಪ್ರೀತಿಕಾ ಮರಿಯ ಕಾಲಿಗೆ ಗ್ಲೂಕೋಸ್ ಸೂಜಿ ಹಾಕಿದರು. "ಉಳೀತದೆ ಅಂತ ಹೇಳ್ಳಿಕ್ಕೆ ಆಗುದಿಲ್ಲ. ನೋಡುವ."

ಜಯಪ್ರಕಾಶನಿಗೆ ಕುಣಿಯುವಷ್ಟು ಖುಷಿಯಾಯಿತು. ರೋಗ ಎಂದಾದರೆ ಕಾಸಿಂ ಪಾರಾದ ಹಾಗೇ. ಓಣಿಗೆ ಬಂದವನೇ ಸಿಕ್ಕಿದವರಿಗೆಲ್ಲ ಹೇಳಿದ. ಭಟ್ಟರ ಕಿವಿಗೂ ಬಿತ್ತು. ಅವರ ಮುಖ ಒಂದು ಕ್ಷಣ ಬಿಳುಚಿದ್ದನ್ನು ಜಯಪ್ರಕಾಶ್ ಕಣ್ಣಾರೆ ಕಂಡ. ಅದು ಸಿಟ್ಟೋ ಹೆದರಿಕೆಯೋ ಅವನಿಗೆ ತಿಳಿಯಲಿಲ್ಲ.

"ರೋಗ ಆದ್ರೆ ಇನ್ನೂ ಕಷ್ಟ!" ಎಂದರು ಭಟ್ಟರು. "ಕೊಳಕು ಇಲ್ಲದೆ ರೋಗ ಎಲ್ಲಿಂದ? ಮೀನಿನ ನೀರು ಹರಿಯುವಲ್ಲೇ ಹುಟ್ಟಿದ್ದು. ಅಂಗಡಿ ಎಬ್ಬಿಸ್ಲೇಬೇಕು."

ಜನ ತಲೆಯಾಡಿಸಿದರು. ಜಯಪ್ರಕಾಶನ ಖುಷಿ ಅರ್ಧ ಗಂಟೆಯೂ ಬಾಳಲಿಲ್ಲ. ತಾನೇ ಹೋಗಿ ಕಾಸಿಮರ ಕುತ್ತಿಗೆಗೆ ಇನ್ನೊಂದು ಹಗ್ಗ ಕೊಟ್ಟು ಬಂದೆನಲ್ಲ ಎಂದು ಅವನು ನಿಜಕ್ಕೂ ಬೇಜಾರು ಮಾಡಿಕೊಂಡ.

"ನೀನು ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು" ಎಂದರು ದಮಯಂತಿ. ಆದರೆ ಬೈದ ಧ್ವನಿ ಅದಲ್ಲ. "ಇರ್ಲಿ, ಒಳ್ಳೆದೇ ಆಯ್ತು. ಬಾ, ಮನೋರಮಕ್ಕನನ್ನು ಮಾತಾಡಿಸಿ ಬರುವ."

ಭಟ್ಟರ ಮನೆ ಓಣಿಯ ಕೊನೆಯಲ್ಲಿ, ಮೂರನೆಯ ಮಹಡಿಯಲ್ಲಿತ್ತು. ಭಟ್ಟರು ಪೇಟೆಗೆ ಹೋಗಿದ್ದರು. ಮನೋರಮಾ ಇಬ್ಬರನ್ನೂ ಒಳಗೆ ಕರೆದು ಬೆಲ್ಲ, ನೀರು ಕೊಟ್ಟರು. ಅಮ್ಮುವಿನ ತಟ್ಟೆ ಇನ್ನೂ ಅಡುಗೆಮನೆಯ ಬಾಗಿಲಲ್ಲೇ ಇತ್ತು.

"ಅಮ್ಮು ಕೆಳಗೆ ಇಳೀತಿತ್ತಾ ಅಕ್ಕ?" ದಮಯಂತಿ ಕೇಳಿದರು.

"ಇಲ್ಲಪ್ಪ. ಬಾಗಿಲು ದಾಟಿದ್ರೆ ಮೆಟ್ಟಿಲವರೆಗೆ, ಅಷ್ಟೇ. ಹಾಲು ಅನ್ನ ಬಿಟ್ಟು ಬೇರೆ ತಿಂದದ್ದೇ ಇಲ್ಲ. ನಮ್ಮ ಮನೆಯಲ್ಲಿ ಮೀನು ಎಲ್ಲಿಂದ ಬರ್ಬೇಕು?" ಹೇಳುತ್ತಾ ಹೇಳುತ್ತಾ ಮನೋರಮಾ ತಡೆದರು. ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ ಅವರ ಹುಬ್ಬು ಗಂಟಾಯಿತು. "ಹಾಗಾದ್ರೆ ಅಮ್ಮುಗೆ ಹೇಗೆ...?"

ಹೊರಡುವಾಗ ಬಾಗಿಲ ಹೊರಗೆ ಮಡಚಿ ಹಾಸಿದ್ದ ಗೋಣಿಯ ಮುಂದೆ ದಮಯಂತಿ ಬಗ್ಗಿದರು, ಆದರೆ ಮುಟ್ಟಲಿಲ್ಲ. ಅಡಿಕೆಯ ಒಗರು ವಾಸನೆ ಜಯಪ್ರಕಾಶನ ಮೂಗಿಗೂ ಬಂತು.

"ಕಾಲು ಒರೆಸ್ಲಿಕ್ಕೆ ಇವರು ಬೆಳ್ಳಾರೆಯಿಂದ ತಂದದ್ದು" ಎಂದರು ಮನೋರಮಾ. "ಅಮ್ಮು ಅದರ ಮೇಲೇ ಮಲಗುದು. ಹಾಗೆ ಎತ್ತಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮಾರನೆಯ ಬೆಳಿಗ್ಗೆ ಇಬ್ಬರೂ ಬೆಳ್ಳಾರೆಗೆ ಹೊರಟರು. ದಾರಿಯುದ್ದಕ್ಕೂ ಜಯಪ್ರಕಾಶ್ ಲೆಕ್ಕ ಹಾಕಿದ. ಮೀನು ತಿಂದ ಗುಂಡ ಗಟ್ಟಿಮುಟ್ಟಾಗಿದ್ದಾನೆ. ಮೀನು ಕಾಣದ ಅಮ್ಮು ಸತ್ತಿದೆ. ಕೆಳಗಿಳಿಯದ ಬೆಕ್ಕಿಗೆ ಕೆಳಗಿನ ರೋಗ ಹತ್ತಿದೆ. ಭಟ್ಟರ ಚಪ್ಪಲಿಗೆ ಅಂಟಿಕೊಂಡು ಬಂತೆನ್ನೋಣ ಎಂದರೆ, ಓಣಿಯಲ್ಲಿ ರೋಗ ಕಾಣುವ ಮೊದಲು ಮರಿ ಹಿಡಿಯಲು ಬಂದದ್ದು ಬಿಟ್ಟರೆ ಅವರು ಮೀನಿನಂಗಡಿ ಕಂಡೊಡನೆ ಮೂಗು ಮುಚ್ಚಿ ಆಚೆ ಬದಿಯಲ್ಲಿ ನಡೆಯುವವರು. ಯಾವ ಕಡೆಯಿಂದ ಹಿಡಿದರೂ ಎಳೆ ಗಂಟಾಗುತ್ತಿತ್ತು. ಬೆಳ್ಳಾರೆ ಮುಟ್ಟುವಾಗ ಅವನಿಗೆ ತಲೆನೋವೇ ಬಂದಿತ್ತು.

ಗೋದಾಮಿನ ಬಾಗಿಲಲ್ಲಿ ಜತ್ತಪ್ಪ ಎಂಬ ಕೆಲಸದವನು ಅಡಿಕೆ ಆರಿಸುತ್ತಾ ಕುಳಿತಿದ್ದ. ದಮಯಂತಿ ಸುಳ್ಯದ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಮಾತು ಶುರುಮಾಡಿದ್ದೇ ತಡ, ಅವರ ತವರಿನ ಪಕ್ಕದ ಮನೆಯವನೇ ಎಂಬಷ್ಟು ಅವನು ಅರಳಿದ. ತುಳು ಮನೆಮಾತಿನ ಜಯಪ್ರಕಾಶನಿಗೆ ಅರ್ಧ ಅರ್ಥವಾಯಿತು, ಅರ್ಧ ಹಾರಿಹೋಯಿತು. ಸುಮ್ಮನೆ ಗೋದಾಮಿನೊಳಗೆ ಕಣ್ಣಾಡಿಸಿದ. ಮೂಟೆಗಳ ಬುಡದಲ್ಲೆಲ್ಲ ಇಲಿ ಕಡಿದ ತೂತು, ಚೆಲ್ಲಿದ ಅಡಿಕೆ. ಒಂದು ಬೆಕ್ಕೂ ಇಲ್ಲ. ಭಟ್ಟರು ಕೊಂಡೊಯ್ದ ಎರಡು ಮರಿಗಳೂ ಕಾಣಲಿಲ್ಲ.

"ಬೆಕ್ಕುಗಳು ಎಲ್ಲಿ ಹೋದವು?" ಎಂದು ಅವನು ಕೇಳಿಯೇಬಿಟ್ಟ.

ಜತ್ತಪ್ಪ ತಲೆ ತಗ್ಗಿಸಿದ. "ಸತ್ತವು. ಯಾರತ್ರವೂ ಹೇಳ್ಬೇಡ ಅಂತ ಧನಿಗಳು ಹೇಳಿದ್ದಾರೆ. ಮೊದ್ಲು ತಾಯಿ ಬೆಕ್ಕು ಅನ್ನ ಬಿಟ್ಟಿತು, ನೀರಿನ ಚಟ್ಟಿ ಎದುರು ಕೂತೇ ಹೋಯ್ತು. ಮತ್ತೆ ಇಲಿ ಜಾಸ್ತಿ ಆಯ್ತು. ಧನಿಗಳು ಪುತ್ತೂರಿಂದ ಬಂದು ಇಲಿ ಪಾಷಾಣ ಇಟ್ಟರು. ಆಮೇಲೆ ಉಳಿದ ಬೆಕ್ಕೂ ಸತ್ತವು. ಅವು ಮಲಗ್ತಾ ಇದ್ದ ಎರಡು ಗೋಣಿ ಕೊಂಡುಹೋಗಿ ಪುತ್ತೂರಿಂದ ತಂದ ಮರಿಗಳೂ ಹಾಗೇ."

"ತಾಯಿ ಬೆಕ್ಕು ಸತ್ತದ್ದು ಪಾಷಾಣ ಇಡುವ ಮೊದ್ಲಾ?" ದಮಯಂತಿ ಒತ್ತಿ ಕೇಳಿದರು.

"ಮೊದ್ಲೇ. ನಾನೇ ಹೂತು ಹಾಕಿದ್ದು. ಧನಿಗಳಿಗೆ ಗೊತ್ತಿಲ್ಲ, ಅದು ಎಲ್ಲೋ ಓಡಿಹೋಯ್ತು ಅಂತ ಹೇಳಿದ್ದೆ. ಬೆಕ್ಕು ಸತ್ತದ್ದು ಕೇಳಿದ್ರೆ ಬೇಜಾರು ಮಾಡ್ತಾರೆ."

ಜಯಪ್ರಕಾಶನಿಗೆ ಥಟ್ಟನೆ ಎಲ್ಲ ಹೊಳೆದಂತಾಯಿತು. ಭಟ್ಟರೇ ಪಾಷಾಣ ಇಟ್ಟವರು, ಭಟ್ಟರೇ ಕೊಲೆಗಾರರು! ಆದರೆ ಮರುಕ್ಷಣ ಡಾಕ್ಟರ ಕಿಟ್‌ನ ಎರಡು ಗೆರೆ ನೆನಪಾಗಿ ಹೊಳೆದದ್ದು ಪೂರ್ತಿ ಆರಿಹೋಯಿತು. ಸ್ಕೂಟರ್ ಸ್ಟಾರ್ಟ್ ಮಾಡುತ್ತಾ, "ಅಕ್ಕ, ವಿಷವೋ ರೋಗವೋ, ಒಂದು ಹೇಳಿಬಿಡಿ" ಎಂದು ಅಂಗಲಾಚಿದ.

"ಆದಿತ್ಯವಾರ ಹೇಳ್ತೇನೆ" ಎಂದರು ದಮಯಂತಿ.

ಆದಿತ್ಯವಾರ ಭಜನಾ ಮಂದಿರ ತುಂಬಿತ್ತು. ಕಾಸಿಂ ಬಾಗಿಲ ಹೊರಗೆ, ಕಂಬದ ಪಕ್ಕ ನಿಂತಿದ್ದರು. ಅವರ ಹೆಂಡತಿ ಸುಹರಾ ಜೊತೆಗಿದ್ದರು. ಭಟ್ಟರು ದೂರಿನ ಮಾತು ಎತ್ತುವ ಮೊದಲೇ ದಮಯಂತಿ ಎದ್ದರು. ಡಾಕ್ಟರ್ ಪ್ರೀತಿಕಾರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

"ಎಲ್ಲರೂ ಮೀನು ಮೀನು ಅಂತ ಹೇಳ್ತೀರಿ. ಅದನ್ನೇ ಮೊದ್ಲು ನೋಡುವ" ಎಂದು ದಮಯಂತಿ ಶುರು ಮಾಡಿದರು. "ಆ ಮೀನನ್ನು ಕಾಗೆ ತಿಂದಿದೆ, ಗುಂಡ ತಿಂದಿದ್ದಾನೆ, ಕಾಸಿಂ ಮನೆಯವರೂ ತಿಂದಿದ್ದಾರೆ. ಯಾರಿಗೂ ಎಂತದೂ ಆಗ್ಲಿಲ್ಲ. ಸತ್ತದ್ದು ಯಾರು? ಹಾಲು ಕುಡಿಯುವ ಮರಿಗಳು, ಮತ್ತೆ ಹಾಲು ಅನ್ನ ತಿನ್ನುವ ಅಮ್ಮು. ಅಂದ ಮೇಲೆ ಮೀನು ಅಲ್ಲ. ಡಾಕ್ಟ್ರು ಪರೀಕ್ಷೆ ಮಾಡಿ ಪಾರ್ವೊ ಅಂತ ಹೇಳಿದ್ದಾರೆ, ಆದ್ದರಿಂದ ವಿಷವೂ ಅಲ್ಲ."

"ಮೀನಿನಂಗಡಿಯ ಕೊಳಕಿನಿಂದಲೇ ರೋಗ" ಎಂದು ಯಾರೋ ಕೂಗಿದರು.

"ಕೊಳಕಿನಲ್ಲಿ ಈ ರೋಗ ತನ್ನಷ್ಟಕ್ಕೇ ಹುಟ್ಟುದಿಲ್ಲ. ಒಂದು ರೋಗಿ ಬೆಕ್ಕಿನಿಂದ ಬರ್ಬೇಕು, ಇಲ್ಲ ಅದು ಮುಟ್ಟಿದ ವಸ್ತುವಿನಿಂದ. ಹಾಗಾದ್ರೆ ಅಂಗಡಿಯ ಹಿಂದಿನ ಮರಿ ಮತ್ತು ಮೂರನೇ ಮಹಡಿಯ ಅಮ್ಮು, ಇಬ್ಬರನ್ನೂ ಮುಟ್ಟಿದ್ದು ಯಾವುದು? ನಾನು ಹುಡುಕಿದ್ದು ಅದೊಂದನ್ನೇ." ದಮಯಂತಿ ಭಟ್ಟರ ಕಡೆ ತಿರುಗಿದರು. "ಬೆಳ್ಳಾರೆಯ ಗೋಣಿ."

ಭಟ್ಟರು ಕುರ್ಚಿಯ ಕೈ ಹಿಡಿದುಕೊಂಡರು.

"ಹೋಗುವ ಜಾಗದ ಗೋಣಿಯಲ್ಲೇ ಬೆಕ್ಕನ್ನು ಕಟ್ಟುವ ಕ್ರಮ ಭಟ್ರ ಮನೆಯಲ್ಲಿ ಉಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದ್ರೆ ಈ ಸಲ ಗೋದಾಮಿನಿಂದ ಬಂದ ಎರಡೂ ಗೋಣಿ, ಅಲ್ಲಿ ಇದೇ ತರ ನೀರಿನ ಎದುರು ಕೂತು, ಪಾರ್ವೊದಿಂದ ಸತ್ತ ಬೆಕ್ಕುಗಳು ಮಲಗ್ತಾ ಇದ್ದದ್ದು. ಒಂದರಲ್ಲಿ ಎರಡು ಮರಿ ಬೆಳ್ಳಾರೆಗೆ ಹೋಗಿ ಸತ್ತವು. ಇನ್ನೊಂದರಿಂದ ಹಾರಿ ಓಡಿದ ಮರಿ ಒಂದು ವಾರಕ್ಕೆ ಸತ್ತಿತು, ಅದರಿಂದ ಓಣಿಯ ಬೇರೆ ಮರಿಗಳಿಗೆ ಹತ್ತಿತು. ಖಾಲಿ ಉಳಿದ ಆ ಗೋಣಿ ಮೂರನೇ ಮಹಡಿಗೆ ಹೋಗಿ ಕಾಲೊರೆಸು ಆಯ್ತು. ಅಮ್ಮು ಅದರ ಮೇಲೆ ಮಲಗ್ತಿತ್ತು."

ಮನೋರಮಾ ಗಂಡನ ಕಡೆ ತಿರುಗಿದರು. "ಗೋದಾಮಿನ ಬೆಕ್ಕುಗಳು ಸತ್ತದ್ದು ನಿಮಗೆ ಗೊತ್ತಿತ್ತಾ?"

ಭಟ್ಟರು ಎದ್ದು ನಿಂತರು. "ನಾನೇ ಕೊಂದದ್ದು ಅಂತ ತಿಳ್ಕೊಂಡಿದ್ದೆ" ಎಂದರು. "ಇಲಿ ಪಾಷಾಣ ಇಟ್ಟಿದ್ದೆ. ಅದಾದ ಮೇಲೆ ಬೆಕ್ಕು ಸತ್ತವು. ನಿನ್ನತ್ರ ಹೇಳುವ ಧೈರ್ಯ ಆಗ್ಲಿಲ್ಲ. ಇಲ್ಲಿಯೂ ಅದೇ ತರ ಸಾಯ್ತಾ ಇದ್ದಾಗ ನನ್ನ ಪಾಪ ಹಿಂದೆ ಹಿಂದೆ ಬರ್ತಾ ಉಂಟೂಂತ ಹೆದರಿದೆ. ಅಮ್ಮು ಹೋದ ದಿನ... ಯಾರ ಮೇಲಾದರೂ ಹಾಕಿಬಿಡಬೇಕು ಅಂತ ಅನ್ನಿಸ್ತು."

"ನಿಮ್ಮ ಪಾಷಾಣದಿಂದ ಅವು ಸತ್ತದ್ದಲ್ಲ ಭಟ್ರೆ" ಎಂದರು ದಮಯಂತಿ. "ತಾಯಿ ಬೆಕ್ಕು ಪಾಷಾಣ ಇಡುವ ಮೊದ್ಲೇ ಸತ್ತಿತ್ತು. ಜತ್ತಪ್ಪ ನಿಮಗೆ ಬೇಜಾರಾಗ್ತದೆ ಅಂತ ಮುಚ್ಚಿಟ್ಟ. ನೀವು ಮನೋರಮಕ್ಕನಿಗೆ ಬೇಜಾರಾಗ್ತದೆ ಅಂತ ಮುಚ್ಚಿಟ್ಟಿರಿ. ಒಬ್ಬರಾದರೂ ಬಾಯಿ ಬಿಟ್ಟಿದ್ರೆ ಆ ಗೋಣಿಗಳು ಅಲ್ಲೇ ಸುಟ್ಟು ಹೋಗ್ತಿದ್ದವು. ತಾಯಿ ಬೆಕ್ಕಿಗೆ ರೋಗ ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಆದ್ರೆ ಒಂದು ಮಾತು. ಗೋಣಿ ವಿಷಯ ನಿಮಗೆ ಗೊತ್ತಿರ್ಲಿಲ್ಲ, ಸರಿ. ಕಾಸಿಂ ತಪ್ಪು ಮಾಡ್ಲಿಲ್ಲ ಅಂತ ಮಾತ್ರ ನಿಮಗೆ ಮೊದ್ಲ ದಿನದಿಂದಲೇ ಗೊತ್ತಿತ್ತು."

ಭಟ್ಟರು ಮತ್ತೆ ಕುಳಿತರು. ಜಯಪ್ರಕಾಶನಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಕನಿಕರವೂ ಬಂತು, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಎಂದು ತಿಳಿಯದೆ ಪೆಚ್ಚಾಗಿ ಕುಳಿತ. ಪ್ರೀತಿಕಾ ಎದ್ದು ಎಲ್ಲೆಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು, ಉಳಿದ ಬೆಕ್ಕುಗಳಿಗೆ ಯಾವಾಗ ಲಸಿಕೆ ಹಾಕಬೇಕು, ಸದ್ಯಕ್ಕೆ ಹೊಸ ಮರಿ ತರಬಾರದು ಎಂದೆಲ್ಲ ಹೇಳಿದರು. ಪಟ್ಟೆ ಮರಿ ಅವತ್ತು ಮಧ್ಯಾಹ್ನ ತಾನಾಗಿ ನೀರು ನೆಕ್ಕಿತು ಎಂದೂ ಹೇಳಿದರು. ದೂರಿನ ಮಾತನ್ನು ಯಾರೂ ಎತ್ತಲಿಲ್ಲ. ಬಾಗಿಲ ಹೊರಗೆ ನೋಡಿದರೆ ಕಾಸಿಂ ಮತ್ತು ಸುಹರಾ ಆಗಲೇ ಹೋಗಿಬಿಟ್ಟಿದ್ದರು.

ಮರುದಿನ ಜಯಪ್ರಕಾಶ್ ಶಟರ್ ಎತ್ತುವಾಗ ಮೀನಿನಂಗಡಿ ತೆರೆದಿತ್ತು, ಗಿರಾಕಿ ಇರಲಿಲ್ಲ. ಸತ್ಯ ಗೊತ್ತಾದರೂ ಮೂಗು ಮುರಿಯುವ ಚಾಳಿ ಜನಕ್ಕೆ ಒಂದೇ ರಾತ್ರಿಗೆ ಹೋಗುವುದಿಲ್ಲ. ಓಣಿಯವರು ಆಚೆ ಬದಿಯಿಂದಲೇ ನಡೆದುಹೋಗುತ್ತಿದ್ದರು. ಕಾಸಿಂ ನೊಣ ಓಡಿಸುತ್ತಾ ಕುಳಿತಿದ್ದರು.

ಅಷ್ಟರಲ್ಲಿ ಓಣಿಯ ಕೊನೆಯಿಂದ ಮನೋರಮಾ ಬಂದರು. ಸ್ನಾನ ಮಾಡಿ, ಕುಂಕುಮ ಇಟ್ಟು, ಕೈಯಲ್ಲಿ ಒಂದು ಸ್ಟೀಲ್ ಪಾತ್ರೆ ಹಿಡಿದಿದ್ದರು. ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ಭಟ್ಟರು ತಲೆ ತಗ್ಗಿಸಿ ಬರುತ್ತಿದ್ದರು. ಮನೋರಮಾ ಆಚೆ ಬದಿಗೆ ಹೋಗದೆ ನೇರ ಮೀನಿನ ಹಲಗೆಯ ಮುಂದೆ ಬಂದು ನಿಂತರು. ವಾಸನೆಗೆ ಅವರ ಮೂಗು ಅರಳಿ ಮುಚ್ಚಿತು, ಆದರೆ ಸೆರಗು ಮೇಲೆ ಹೋಗಲಿಲ್ಲ. ನಡೆಯುತ್ತಿದ್ದವರೆಲ್ಲ ನಿಂತುಬಿಟ್ಟರು.

"ಕಾಸಿಂ ಅವರೇ, ಉಳಿದ ಬೆಕ್ಕುಗಳಿಗೆ ಯಾವ ಮೀನು ಒಳ್ಳೆದು? ನನಗೆ ಗೊತ್ತಾಗುದಿಲ್ಲ."

"ಬೂತಾಯಿ ಆಗ್ತದೆ ಅಕ್ಕ" ಎಂದರು ಕಾಸಿಂ, ನಿಧಾನವಾಗಿ.

"ಒಂದು ಕಿಲೋ ಕೊಡಿ." ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ಹೇಳಿದರು, ಮೊನ್ನೆ ಶಾಪ ಹಾಕಿದ ಅದೇ ಧ್ವನಿಯಲ್ಲಿ. "ಇವತ್ತಿನ ಬೋಣಿ ನನ್ನದೇ ಆಗ್ಲಿ."

ಕಾಸಿಂ ತಕ್ಕಡಿ ಎತ್ತಿದರು. ಒಂದು ಕಿಲೋ ತೂಗಿ, ಮೇಲೆ ಎರಡು ಮೀನು ಹೆಚ್ಚಿಗೆ ಹಾಕಿದರು. ಪಾತ್ರೆ ತುಂಬಿದ ಮೇಲೆ ಮನೋರಮಾ ಅದನ್ನು ಮೈಯಿಂದ ದೂರ ಹಿಡಿದುಕೊಂಡು ನಲ್ಲಿಯ ಕಡೆ ನಡೆದರು. ಎಲ್ಲಿದ್ದನೋ ಗುಂಡ, ಬಾಲ ಎತ್ತಿಕೊಂಡು ಅವರ ಹಿಂದೆಯೇ ಹೋದ. ಆಚೆ ಬದಿಯಲ್ಲಿ ನಿಂತಿದ್ದವರಲ್ಲಿ ಒಬ್ಬರು ಚೀಲ ಬಿಡಿಸುತ್ತಾ ರಸ್ತೆ ದಾಟಿದರು.